ಚಾಡಿಕೋರ ಪೆಟ್ಟಿಗೆ

ಅತ್ತೆಯ ಕೋಣೆಯ ಅಲಾರಂ ಪರೀಕ್ಷೆ ಮಾಡಲು ಕಂಪನಿಯಾತ ಎರಡೂವರೆಗೆ ಬರುತ್ತಾನೆಂದು ಗೊತ್ತಾಗಿತ್ತು. ಹನ್ನೆರಡಕ್ಕೆಲ್ಲ ಅವನು ಮೂರು ಸಲ ಬಾಗಿಲ ಚಿಲಕ ತೆಗೆದು ಮೆಟ್ಟಿಲ ಕಡೆ ಇಣುಕಿ ಬಂದಿದ್ದ. ಆತ ಬೇಗ ಬಂದುಬಿಟ್ಟಾನು ಎಂಬ ಭಯವೋ, ಬಾರದೇ ಹೋದಾನು ಎಂಬ ಆಸೆಯೋ ಅವನಿಗೇ ತಿಳಿಯದು. ಊಟದ ಮೇಜಿನ ಮೇಲೆ ಪಂಪು ಕಾರ್ಖಾನೆಯೊಂದರ ಕೈಪಿಡಿಯ ಪ್ರೂಫು ಹರಡಿತ್ತು. ಪ್ರೂಫು ತಿದ್ದುವುದು ಅವನ ಕಸುಬು. ಪ್ರೆಸ್ಸಿನವರು ಕಳಿಸಿದ್ದನ್ನು ಮನೆಯಲ್ಲೇ ಕೂತು ತಿದ್ದಿ ಕೊಡುತ್ತಾನೆ. ಇವತ್ತು ಬೆಳಿಗ್ಗೆಯಿಂದ ತಿದ್ದಿದ್ದು ಎರಡೇ ಪುಟ. ಆ ಹಾಳೆಗಳ ಅಡಿಯಲ್ಲಿ ಹೆಂಡತಿ ತುಂಬಿಟ್ಟ ಇನ್ನೊಂದು ಹಾಳೆಯಿತ್ತು, ವೃದ್ಧಾಶ್ರಮದ ಅರ್ಜಿ. ಅದನ್ನು ಅವನು ಓದಬಾರದೆಂದೇನೂ ಇರಲಿಲ್ಲ, ಆದರೂ ಕದ್ದವನ ಹಾಗೆ ಓದಿದ್ದ. ಅವಳ ಅಕ್ಷರ ಎಂದಿನ ಹಾಗೆ ದುಂಡಗಿತ್ತು, ಒಂದೂ ತಪ್ಪಿರಲಿಲ್ಲ. ಸಹಿ ಮಾತ್ರ ಬಾಕಿ. ತಾಯಿ ಬಿದ್ದಂದಿನಿಂದ ಹನ್ನೊಂದು ದಿನ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದವಳು ಇವತ್ತು ಮೊದಲ ಬಾರಿ ಆಫೀಸಿಗೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತ, ಅವನ ಮುಖ ನೋಡದೆ ಹೇಳಿದ್ದಳು: "ಮಿಷನ್ ಕೆಟ್ಟಿತ್ತು ಅಂತಾದ್ರೆ ಬೇರೆ ತರೋಣ. ಕೆಟ್ಟಿರಲಿಲ್ಲ ಅಂತಾದ್ರೆ ಅಮ್ಮನ್ನ ಮನೇಲಿ ಇಟ್ಕೊಳ್ಳೋದು ನಮ್ಮ ಕೈಲಾಗಲ್ಲ ಅಂತಾನೇ ಅರ್ಥ. ಸಂಜೆ ಸಹಿ ಹಾಕಿ ಕಳಿಸಿಬಿಡ್ತೀನಿ. ನಾಲ್ಕಕ್ಕೆ ಫೋನ್ ಮಾಡ್ತೀನಿ ರೀ, ಆತ ಏನು ಹೇಳ್ದ ಅಂತ ಹೇಳಿ." ನಾಲ್ಕಕ್ಕೆ. ಅವನು ಪೆನ್ಸಿಲಿನ ತುದಿ ಕಚ್ಚಿ ಮೂರನೇ ಪುಟ ತೆರೆದ. ಪಂಪಿಗೆ ನೀರು ತುಂಬಿಸದೆ ಚಾಲೂ ಮಾಡಬಾರದು ಎಂದು ದಪ್ಪಕ್ಷರದಲ್ಲಿತ್ತು. ಆ ಸಾಲನ್ನೇ ನಾಲ್ಕು ಸಲ ಓದಿದ.

ಮಿಷನ್ ಎಂದು ಹೆಂಡತಿ ದೊಡ್ಡ ಹೆಸರಿಟ್ಟಿದ್ದರೂ ಅದೇನು ಅಂಥ ಮಹಾ ವಸ್ತುವಲ್ಲ. ಸಾಬೂನಿನ ಡಬ್ಬಿಯಷ್ಟಿರುವ ಬಿಳಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಅದಕ್ಕೊಂದು ಕಪ್ಪು ಕಣ್ಣು. ಅತ್ತೆಯ ಮಂಚದ ತಲೆಯ ಕಡೆಯ ಕಾಲಿನ ಬುಡದಲ್ಲಿ, ನೆಲದ ಮೇಲೆ ಕೂತು ಮಂಚದ ಇಳಿಯುವ ಬದಿಯ ಉದ್ದಕ್ಕೂ ನೋಡುತ್ತಿರುತ್ತದೆ. ಅತ್ತೆ ಕಾಲು ಕೆಳಗಿಟ್ಟರೆ ಸಾಕು, ಹಜಾರದ ಗೋಡೆಯ ಮೇಲಿರುವ ಅದರ ಜೊತೆಯ ಗಂಟೆ ಟಿಣಿ ಟಿಣಿ ಎಂದು ಬೊಬ್ಬೆ ಹೊಡೆಯುತ್ತದೆ. ಮನೆಯಲ್ಲಿ ಯಾರಿದ್ದರೋ ಅವರು ಓಡಬೇಕು, ಅತ್ತೆ ಎದ್ದು ನಿಂತು ವಾಲುವುದಕ್ಕೆ ಮುಂಚೆ ತೋಳು ಹಿಡಿಯಬೇಕು. ಒಳಗೆ ಹೋಗುವವರ ಕಾಲಿಗೂ ಅದು ಕೂಗಿಕೊಳ್ಳುವುದರಿಂದ ಅವರು ಮೊದಲು ಬಗ್ಗಿ ಹಿಂಬದಿಯ ಸ್ವಿಚ್ಚು ಆರಿಸಬೇಕು, ಹೊರಬರುವಾಗ ಮತ್ತೆ ಹಾಕಬೇಕು. ಇಷ್ಟೇ ಅದರ ಶಾಸ್ತ್ರ. ಎಂಟು ತಿಂಗಳ ಹಿಂದೆ ಅತ್ತೆ ಮೊದಲ ಸಲ ಕಾಲು ಜಾರಿ ಕುಕ್ಕರಿಸಿದಾಗ ಹೆಂಡತಿ ತಂದಿದ್ದು. ಅತ್ತೆ ಎರಡು ದಿನ ಅದನ್ನು ದುರುಗುಟ್ಟಿ ನೋಡಿ, ಮೂರನೇ ದಿನ ಹೆಸರಿಟ್ಟಳು: ಚಾಡಿಕೋರ. "ಬಂದನಪ್ಪ ಚಾಡಿಕೋರ. ನಾನು ಬೆರಳು ಅಲ್ಲಾಡಿಸಿದ್ರೂ ಊರಿಗೆಲ್ಲ ಹೇಳ್ಕೊಂಡು ಬರ್ತಾನೆ." ಹೆಂಡತಿ ನಕ್ಕಿದ್ದಳು. ಅವನೂ ನಕ್ಕಿದ್ದ. ಅತ್ತೆ ಮಾತ್ರ ನಕ್ಕಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂದಿರಲಿಲ್ಲ.

ಅಳಿಯ ಅಲ್ಲ, ಮಗಳ ಗಂಡ ಎಂದು ಜನ ತಮಾಷೆಗೆ ಹೇಳುತ್ತಾರೆ, ಎರಡೂ ಒಂದೇ ಎನ್ನುವುದಕ್ಕೆ. ಅತ್ತೆಯ ಲೆಕ್ಕದಲ್ಲಿ ಎರಡೂ ಒಂದೇ ಆಗಿರಲಿಲ್ಲ. ಮಗಳ ಗಂಡ ಎಂದರೆ ಮನೆಯವನು. ಕಾಫಿ ತಂದುಕೊಡಬಹುದು, ಮಾತ್ರೆ ಕೊಡಬಹುದು, ಪೇಪರಿನಲ್ಲಿ ಏನಿದೆ ಎಂದು ಹೇಳಬಹುದು. ಅಳಿಯ ಎಂದರೆ ಬಂದಾಗ ಕುರ್ಚಿ ಒರೆಸಿ ಕೂರಿಸಬೇಕಾದವನು. ಹಜಾರದಲ್ಲಿ ಟಿಣಿ ಟಿಣಿ ಆದಾಗಲೆಲ್ಲ ಮಗಳ ಗಂಡ ಓಡುತ್ತಿದ್ದ, ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದವನು ಅಳಿಯ. ಅತ್ತೆ ಕಾಲು ಇಳಿಬಿಟ್ಟು ಕೂತು ಕಿಟಕಿಯ ಕಡೆ ನೋಡುತ್ತ, "ಏನಿಲ್ಲ ಅಳಿಯಂದ್ರೇ, ಕಾಲು ಜೋಮು ಹಿಡಿದಿತ್ತು" ಎನ್ನುವಳು. ಅವನು, "ಬಾತ್‌ರೂಮಿಗಾ ಅತ್ತೆ?" ಎನ್ನುವನು. ಎಷ್ಟು ಮೆತ್ತಗೆ ಹೇಳಿದರೂ ಆ ಮಾತು ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಅವಳ ಕಿವಿಯ ಅಂಚು ಕೆಂಪಾಗುವುದನ್ನು ಅವನು ನೋಡದ ಹಾಗೆ ವಾಕರ್ ಮುಂದೆ ತಳ್ಳುತ್ತಿದ್ದ. ಅವಳು ಒಳಗೆ ಹೋದ ಮೇಲೆ ಹಜಾರಕ್ಕೆ ಬಂದು ರೇಡಿಯೋ ಜೋರು ಮಾಡುತ್ತಿದ್ದ, ಒಳಗಿನ ಸದ್ದು ಹೊರಗೆ ಕೇಳಲಿಲ್ಲ ಎಂದು ಅವಳಿಗೆ ಗೊತ್ತಾಗಲಿ ಎಂದು. ಇದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿದ್ದಿಲ್ಲ. ಮೂವತ್ತನಾಲ್ಕು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಹೆಂಗಸು. ಕಂಡವರ ಮೈಯನ್ನೆಲ್ಲ ತೊಳೆದು ಒರೆಸಿ, ಕಂಡವರ ಮಕ್ಕಳನ್ನೆಲ್ಲ ಕಾಲು ಹಿಡಿದು ಎತ್ತಿದವಳು. ಇವಳಿಗೆ ಏನು ನಾಚಿಕೆ ಎಂದು ಒಂದೊಂದು ದಿನ ಅವನಿಗೆ ರೇಗಿದ್ದೂ ಉಂಟು. ರೇಗಿದ್ದು ಮುಖದಲ್ಲಿ ಕಂಡಿರಬಹುದೇ? ಕಂಡೇ ಇರುತ್ತದೆ. ದಾದಿಯರಿಗೆ ಮುಖ ನೋಡಿದರೆ ಸಾಕು.

ಗೋಡೆ ಗಡಿಯಾರ ಒಂದು ಹೊಡೆಯಿತು. ಅನ್ನ ಕಲಸಿಕೊಂಡು ಅತ್ತೆಯ ಕೋಣೆಗೆ ಹೋದ. ಬಗ್ಗಿ ಸ್ವಿಚ್ಚು ಆರಿಸಿದ. ಅವಳ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಪಟ್ಟಿಯೊಳಗಿತ್ತು. ಹಣೆಯ ಮೇಲಿನ ಆರು ಹೊಲಿಗೆ ಬಿಚ್ಚಿ ಮೂರು ದಿನವಾಗಿತ್ತು. ಎರಡು ತುತ್ತು ತಿಂದು ಸಾಕೆಂದಳು. ಬೆಳಿಗ್ಗೆ ಎಂಟೂವರೆಗೆ ಮಗಳು ತುಂಬಿಟ್ಟ ನೀರಿನ ಲೋಟ ತುಂಬಿದ ಹಾಗೇ ಇತ್ತು, ಹತ್ತು ಗಂಟೆಯ ಕಾಫಿಯ ಮೇಲೆ ಕೆನೆ ಕಟ್ಟಿತ್ತು. "ನೀರಾದ್ರೂ ಕುಡೀರಿ ಅತ್ತೆ." "ಬಾಯಾರಿಕೆ ಇಲ್ಲ ಅಳಿಯಂದ್ರೇ." ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅವನಿಗೆ ಅರ್ಥವಾಗದ್ದೇನಲ್ಲ. ಮಗಳು ಮನೆಗೆ ಬರುವ ಆರು ಗಂಟೆಯವರೆಗೆ ತಡೆಯಬೇಕೆಂದರೆ ಕುಡಿಯದಿರುವುದೊಂದೇ ದಾರಿ. ಒತ್ತಾಯ ಮಾಡುವ ಶಕ್ತಿ ಅವನಲ್ಲಿರಲಿಲ್ಲ. ಒತ್ತಾಯ ಮಾಡಿದರೆ ಕುಡಿಯುತ್ತಾಳೆ, ಕುಡಿದರೆ ಏಳಬೇಕು, ಎದ್ದರೆ ಅವನೇ ಎಬ್ಬಿಸಬೇಕು, ಒಂದೇ ಕೈಯಲ್ಲಿ ಅವಳಿಗೆ ಬಟ್ಟೆ ಸಂಭಾಳಿಸಲು ಆಗದು. ಹಾಗಾಗಿ ಅವನೂ ಲೋಟದ ಕಡೆ ಕೈ ತೋರಿಸಿ ಸುಮ್ಮನಾದ. ಕರ್ತವ್ಯ ಮುಗಿಸಿದವನ ಹಾಗೆ ತಟ್ಟೆ ಎತ್ತಿಕೊಂಡು ಬಂದ. ಹೊರಬರುವಾಗ ಬಗ್ಗಿ ಸ್ವಿಚ್ಚು ಹಾಕಿದ. ಹಸಿರು ದೀಪ ಬಂತೇ ಎಂದು ನೋಡಿದ. ಬಾಗಿಲವರೆಗೆ ಬಂದವನು ತಿರುಗಿ ಹೋಗಿ ಮತ್ತೆ ನೋಡಿದ.

ಅವತ್ತೂ ಬಗ್ಗಿದ್ದ. ಬಗ್ಗಿದವನ ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ಮರೆತೆ ಎಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಮರೆವು ಮನುಷ್ಯನಿಗಲ್ಲದೆ ಮರಕ್ಕೆ ಬರುತ್ತದೆಯೇ ಎಂದು ಯಾರಾದರೂ ಕ್ಷಮಿಸುತ್ತಿದ್ದರು. ಅವತ್ತು ಮಧ್ಯಾಹ್ನದೊಳಗೆ ಅದು ಒಂಬತ್ತು ಸಲ ಕೂಗಿತ್ತು. ಜಾರಿದ ಹೊದಿಕೆಗೊಮ್ಮೆ, ಬಿದ್ದ ಬಾಚಣಿಗೆಗೊಮ್ಮೆ, ಫ್ಯಾನಿನ ಗಾಳಿಗೆ ಹಾರಿದ ಪೇಪರಿಗೊಮ್ಮೆ. ಒಂಬತ್ತು ಸಲವೂ ಓಡಿದ್ದ, ಒಂಬತ್ತು ಸಲವೂ ಅತ್ತೆ "ಏನಿಲ್ಲ" ಎಂದಿದ್ದಳು. ಹಿಂದಿನ ರಾತ್ರಿ ಪ್ರೆಸ್ಸಿನವರ ಅವಸರದ ಕೆಲಸ ಮುಗಿಸಿ ಮಲಗಿದಾಗ ಕೋಳಿ ಕೂಗುವ ಹೊತ್ತಾಗಿತ್ತು. ಮೈಯಲ್ಲಿ ಮೂಳೆಗಳಿರುವ ಜಾಗವೆಲ್ಲ ಗೊತ್ತಾಗುತ್ತಿತ್ತು. ಕಾಫಿ ಲೋಟ ತೆಗೆದುಕೊಂಡು ಹೊರಬರುವಾಗ ಬಗ್ಗಿ, ಹೆಬ್ಬೆರಳನ್ನು ಸ್ವಿಚ್ಚಿನ ಮೇಲಿಟ್ಟು, ಒಂದು ಅರ್ಧ ಗಂಟೆ, ಒಂದೇ ಒಂದು ಅರ್ಧ ಗಂಟೆ ಎಂದುಕೊಂಡು, ಒತ್ತದೆ ಎದ್ದು ಬಂದಿದ್ದ. ಈಗಂತೂ ಮಧ್ಯಾಹ್ನದ ಹೊತ್ತು ಅವಳು ಏಳುವುದೇ ಇಲ್ಲವಲ್ಲ ಎಂಬ ಧೈರ್ಯವೂ ಇತ್ತು. ಎರಡು ತಿಂಗಳಿಂದ ಊಟದ ಮೇಲೆ ಅಲಾರಂ ಕೂಗಿದ್ದೇ ಕಡಿಮೆ; ಡಾಕ್ಟರು ಬದಲಾಯಿಸಿದ ಮಾತ್ರೆ ಹಿಡಿಸಿದೆ, ಒಳ್ಳೇ ನಿದ್ದೆ ಬರುತ್ತಿದೆ ಎಂದು ಅವನೇ ಹೆಂಡತಿಗೆ ಹೆಮ್ಮೆಯಿಂದ ಹೇಳಿದ್ದ. ಕುರ್ಚಿಯಲ್ಲಿ ಕೂತು ಪ್ರೂಫಿನ ಮೇಲೆ ತಲೆಯಿಟ್ಟದ್ದು ಮೂರು ಗಂಟೆಗೆ. ಎದ್ದಾಗ ಮೂರೂ ನಲವತ್ತು. ಕೆನ್ನೆಗೆ ಶಾಯಿ ಮೆತ್ತಿತ್ತು. ಎಷ್ಟು ಸುಖವಾದ ನಿದ್ದೆ ಅದು! ಆ ಸುಖ ನೆನಪಾದಾಗಲೇ ಈಗ ಹೆಚ್ಚು ಸಂಕಟವಾಗುತ್ತದೆ.

ಹಾಲು ಬಿಸಿ ಮಾಡಿ ಒಳಗೆ ಹೋದರೆ ಮಂಚ ಖಾಲಿ. ಮಂಚದ ಕಾಲಿನ ಕಡೆ, ಬೀರುವಿನ ಮುಂದೆ ನೆಲದ ಮೇಲೆ ಅತ್ತೆ ಒಂದು ಮಗ್ಗುಲಾಗಿ ಮಲಗಿದ್ದಳು. ಬೀರುವಿನ ಬಾಗಿಲು ತೆರೆದುಕೊಂಡಿತ್ತು, ಅವಳ ಹಣೆಯ ರಕ್ತ ಆಗಲೇ ಕಪ್ಪಾಗಿತ್ತು, ಕೆಳಗೆ ನೆಲ ಒದ್ದೆಯಾಗಿತ್ತು. ಕಣ್ಣು ಬಿಟ್ಟುಕೊಂಡೇ ಇದ್ದಳು. "ಬಂದ್ರಾ" ಎಂದಳು, ಊಟಕ್ಕೆ ಬಂದವನನ್ನು ಕೇಳುವ ಹಾಗೆ. ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ಹೊತ್ತು ಬಿದ್ದಿದ್ರು?" ಎಂದು ಕೇಳಿದಾಗ ಅವನು, "ಈಗ್ತಾನೇ ಬಿದ್ದಿದ್ದು, ಬಿದ್ದ ತಕ್ಷಣ ನೋಡಿದೆ" ಎಂದ. ಗಾಲಿ ಮಂಚದ ಮೇಲಿಂದ ಅತ್ತೆ ಅವನ ಮುಖ ನೋಡಿ, ಆಮೇಲೆ ಡಾಕ್ಟರ ಮುಖ ನೋಡಿ, "ಹೌದು, ಈಗ್ತಾನೇ" ಎಂದಳು. ಓಡಿ ಬಂದ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಅಲಾರಂ ಹೊಡೀಲಿಲ್ವಾ?" ಅವನು, "ಹೊಡೀಲೇ ಇಲ್ಲ" ಎಂದ. ಅದರಲ್ಲಿ ಸುಳ್ಳೇನಿತ್ತು? ಹೊಡೆದಿರಲಿಲ್ಲ, ನಿಜ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಹನ್ನೊಂದು ದಿನ ಆ ಒಂದು ಮಾತಿನ ಹಿಂದೆ ಅಡಗಿ ಕೂತಿದ್ದ. ಅವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರೆ ತನ್ನ ಮೇಲೇ ಕುಕ್ಕಿದ ಹಾಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ಅವನು ದಿನಕ್ಕೆ ನೂರು ಸಲ ಹೆಗಲು ಮುಟ್ಟಿಕೊಂಡಿದ್ದ. ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂದದ್ದೂ ಉಂಟು. ಆದರೆ ಅವಳು ಆಗಷ್ಟೇ ತಾಯಿಯ ಮಂಚದ ಪಕ್ಕ ಚಾಪೆಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿರುತ್ತಿದ್ದಳು, ಅವನಿಗೆ ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಅಥವಾ ಅದೊಂದು ನೆಪ ಸಿಗುತ್ತಿತ್ತು.

ಕಂಪನಿಯಾತ ಎರಡೂವರೆಗೆ ಸರಿಯಾಗಿ ಬಂದ. ಐವತ್ತು ದಾಟಿದ, ಬೋಳುತಲೆಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಮನುಷ್ಯ. ಕೈಯಲ್ಲಿ ಸವೆದ ಚರ್ಮದ ಚೀಲ. ನೀರು ಕೇಳಿ ಕುಡಿದು, ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಅತ್ತೆಯ ಕೋಣೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾ, ಒಳಗೆ ಬರ್ಲಾ?" ಎಂದು ಕೇಳಿದ. ಎಂಟು ತಿಂಗಳಲ್ಲಿ ತಾನು ಒಂದು ಸಲವೂ ಹಾಗೆ ಕೇಳಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಕೂಗಿದೊಡನೆ ನುಗ್ಗುವುದೇ ಕರ್ತವ್ಯವಾಗಿತ್ತಲ್ಲ. ಆತ ನೆಲದ ಮೇಲೆ ಕೂತು, ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ಬ್ಯಾಟರಿ ತೆಗೆದು ನೋಡಿ, ಮತ್ತೆ ಹಾಕಿ, ತನ್ನ ಬರಿಗಾಲನ್ನು ಮಂಚದ ಪಕ್ಕ ಚಾಚಿದ. ಹಜಾರದಲ್ಲಿ ಟಿಣಿ ಟಿಣಿ. ಕೈಯಾಡಿಸಿದ, ಟಿಣಿ ಟಿಣಿ. ಕಾಲು ಗಂಟೆ ಇದೇ ಆಯಿತು. ಒಂದೊಂದು ಸಲ ಅದು ಕೂಗಿದಾಗಲೂ ಅವನು ಹಜಾರದ ಕಡೆ ತಿರುಗಿ ನೋಡಿದ. ಒಂದು ಸಲವಾದರೂ ತಪ್ಪು, ನಿನ್ನ ದಮ್ಮಯ್ಯ, ಒಂದು ಸಲ ತಪ್ಪು ಎಂದು ಆ ಪ್ಲಾಸ್ಟಿಕ್ಕನ್ನು ಮನಸ್ಸಿನಲ್ಲೇ ಬೇಡಿಕೊಂಡ. ಅದು ತಪ್ಪಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಹಜಾರಕ್ಕೆ ಬಂದು ಆತ ಚೀಲದಿಂದ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಪ್ಪಟ ಚಿನ್ನ ಸರ್. ಒಂದು ದೋಷ ಇಲ್ಲ." ಪೆನ್ನಿನ ಕ್ಯಾಪು ತೆಗೆದು, ಬರೆಯದೆ, ಅವನ ಮುಖ ನೋಡಿದ. "ಸರ್, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಸ್ವಿಚ್ ಹಾಕಿತ್ತಾ?" ಅವನು ಪ್ರೂಫಿನ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದ. ಆತ ಧ್ವನಿ ತಗ್ಗಿಸಿದ. "ನಾನು ಹೋಗೋ ಹತ್ತು ಮನೇಲಿ ಒಂಬತ್ತು ಮನೆ ಇದೇ ಕತೆ. ಮಿಷನ್ ದಣಿಯಲ್ಲ ಸರ್, ಮನುಷ್ಯ ದಣೀತಾನೆ. ನಮ್ಮನೇಲೂ ಇದೆ. ನಮ್ಮಪ್ಪ. ನನ್ ಹೆಂಡ್ತಿ ಅದರ ಬಾಯಿಗೆ ಟವೆಲ್ ತುರುಕಿದ್ಲು ಒಂದಿನ." ನಕ್ಕ, ಅವನೂ ನಗಲಿ ಎಂದು ಕಾದ. ಆಮೇಲೆ ಪೆನ್ನಿನ ತುದಿಯಿಂದ ಫಾರಂ ತಟ್ಟಿದ. "ಬ್ಯಾಟರಿ ಕ್ಲಿಪ್ ಸಡಿಲ, ಬಿಗಿ ಮಾಡಲಾಗಿದೆ ಅಂತ ಬರೆದುಬಿಡ್ಲಾ? ಕಂಪನಿಗೇನೂ ನಷ್ಟ ಇಲ್ಲ. ಮನೇಲಿ ಜಗಳ ಆಗಲ್ಲ. ಎಷ್ಟೋ ಮನೇಲಿ ಬರೆದಿದೀನಿ." ಎಷ್ಟು ಸುಲಭ! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅತ್ತೆ ಮನೆಯಲ್ಲೇ ಉಳಿಯುತ್ತಾಳೆ, ಅರ್ಜಿ ಹರಿದು ಕಸಕ್ಕೆ ಹೋಗುತ್ತದೆ, ಹೆಂಡತಿ ಮತ್ತೆ ಅವನ ಮುಖ ನೋಡಿ ಮಾತಾಡುತ್ತಾಳೆ. ಅವನ ಕಣ್ಣಲ್ಲಿ ನೀರೇ ಬಂತು, ಅಪರಿಚಿತನೊಬ್ಬನ ದಯೆಗೋ, ತನ್ನ ಹೇಡಿತನಕ್ಕೋ. "ಬರೀರಿ" ಎಂದ. ಧ್ವನಿ ತನ್ನದಲ್ಲ ಎನ್ನಿಸಿತು. ಆತ ಬರೆದ, ಸಹಿ ಹಾಕಿಸಿಕೊಂಡ, ಚೀಲ ಮುಚ್ಚಿದ. ಮೆಟ್ಟಿಲಲ್ಲಿ ಆತನ ಹೆಜ್ಜೆಯ ಸದ್ದು ಕರಗುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ. ಮೂರೂ ಕಾಲು. ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ಮೈ ಹಗುರಾಗಬೇಕಾಗಿತ್ತು, ಆಗಲಿಲ್ಲ. ಕುರ್ಚಿಯಲ್ಲಿ ಕೂತು, ನಕಲಿನ ಹಾಳೆಯಲ್ಲಿ ಆತ ಬರೆದದ್ದನ್ನು ಓದಿದ. 'ಸಡಿಲ' ಎಂಬುದರ ಕಾಗುಣಿತ ಸರಿಯಾಗಿಯೇ ಇತ್ತು.

"ಅಳಿಯಂದ್ರೇ."

ಅತ್ತೆ ಕರೆಯುವುದೇ ಅಪರೂಪ. ಓಡಿದ. ಸ್ವಿಚ್ಚು ಆರಿಸಲು ಮರೆತು ನುಗ್ಗಿದ್ದರಿಂದ ಹಜಾರದಲ್ಲಿ ಬೊಬ್ಬೆಯೋ ಬೊಬ್ಬೆ, ಬಗ್ಗಿ ಆರಿಸಿದ. ಅವಳು ಈ ಕಡೆ ಮಗ್ಗುಲಾಗಿದ್ದಳು. ಕಣ್ಣು ಕೆಂಪಾಗಿದ್ದವು. "ಕೂತ್ಕೊಳ್ಳಿ" ಎಂದಳು. ಕೂತ. "ನನಗೆ ಎಲ್ಲ ಕೇಳಿಸ್ತು. ಗೋಡೆ ತೆಳು." ಅತ್ತೆ ಸರಿಯಿರುವ ಕೈಯನ್ನು ಚಾಚಿ, ಅವನ ಕೈ ಮುಟ್ಟದೆ, ಅವನ ಕೈಯ ಪಕ್ಕದ ಹಾಸಿಗೆಯನ್ನು ಮುಟ್ಟಿದಳು. "ಮಿಷನ್ ಸರಿ ಇದೆ ಅಂದ್ರೆ ಅವಳು ನನ್ನ ಕಳಿಸ್ತಾಳೆ ಅಂತ, ಸುಳ್ಳು ಬರೆಸಿದ್ರಿ. ನನಗೋಸ್ಕರ. ಇಷ್ಟು ದಿನದಿಂದ ನೋಡ್ತಿದೀನಿ, ಅವಳು ನಿಮ್ಮ ಮೇಲೆ ಮುಖ ಊದಿಸ್ಕೊಂಡು ಓಡಾಡ್ತಿದಾಳೆ. ನೀವು ಒಂದು ಮಾತೂ ಆಡಲಿಲ್ಲ. ಹೊಟ್ಟೇಲಿ ಹುಟ್ಟಿದ ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ." ಅವನು ತಲೆ ತಗ್ಗಿಸಿದ. ಹೊಗಳಿಕೆ ಇಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ಆದರೆ ತಪ್ಪು ನಿಮ್ಮದಲ್ಲ, ಆ ಚಾಡಿಕೋರನದ್ದೂ ಅಲ್ಲ. ನನ್ನದು. ನಾನು ಈ ಕಡೆಯಿಂದ ಇಳೀಲಿಲ್ಲ ಅಳಿಯಂದ್ರೇ."

ಅವಳು ಹೇಳುತ್ತ ಹೋದಳು, ಅವನು ಕೇಳಿದ. ಎರಡು ತಿಂಗಳ ಹಿಂದೆ ಅವಳಿಗೆ ಹೊಳೆದ ಉಪಾಯ ಅದು. ಪೆಟ್ಟಿಗೆಯ ಕಣ್ಣು ಮಂಚದ ಈ ಬದಿಯನ್ನಷ್ಟೇ ಕಾಯುತ್ತದೆ. ಕಾಲಿನ ಕಡೆ ಅದಕ್ಕೆ ಕಾಣುವುದಿಲ್ಲ. ಮಧ್ಯಾಹ್ನ ಹಜಾರದಲ್ಲಿ ಪೆನ್ಸಿಲಿನ ಸದ್ದು ಕೇಳುವಾಗ, ಕೂತಲ್ಲೇ ಸರಿದು ಸರಿದು ಮಂಚದ ಕೊನೆಗೆ ಹೋಗಿ, ಬೀರುವಿನ ಹಿಡಿಕೆ ಹಿಡಿದುಕೊಂಡು ಕೆಳಗಿಳಿಯುವುದು. ಗೋಡೆ ಹಿಡಿದು ಬಾತ್‌ರೂಮಿಗೆ ಹೋಗಿ, ನಲ್ಲಿ ತಿರುಗಿಸದೆ, ಬಂದ ದಾರಿಯಲ್ಲೇ ವಾಪಸು. ವಾಕರ್ ಮುಟ್ಟುವಂತಿಲ್ಲ, ಅದು ಈ ಬದಿಯಲ್ಲಿತ್ತು. "ಕಳ್ಳಿ ಹಾಗೆ ಹೋಗಿ ಕಳ್ಳಿ ಹಾಗೆ ಬರ್ತಿದ್ದೆ. ಒಂದು ಸಲ ಹೋಗಿಬಂದ್ರೆ ರಾಜ್ಯ ಗೆದ್ದ ಹಾಗಾಗ್ತಿತ್ತು. ಎಷ್ಟು ಜನರದ್ದು ಎತ್ತಿ ಹಾಕಿದೀನಿ ಈ ಕೈಲಿ. ಒಬ್ಬಳಾದ್ರೂ ನಾಚ್ಕೊಂಡ್ರೆ ಬೈತಿದ್ದೆ, ನನ್ನ ಹತ್ರ ಏನೇ ನಾಚಿಕೆ ಅಂತ. ಈಗ ಗೊತ್ತಾಗ್ತಿದೆ ಅವಳಿಗೆ ಏನಾಗ್ತಿತ್ತು ಅಂತ. ಆ ಸುಡುಗಾಡು ಟಿಣಿ ಟಿಣಿ ಆದಾಗಲೆಲ್ಲ, ಮುದುಕಿಗೆ ಮತ್ತೆ ಬಂತು ಅಂತ ಯಾರೋ ಡಂಗುರ ಸಾರಿದ ಹಾಗೆ. ನೀವು ಕೆಲಸ ಬಿಟ್ಟು ಓಡಿ ಬರೋದು. ರೇಡಿಯೋ ಜೋರು ಮಾಡೋದು." ರೇಡಿಯೋ ಯಾಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿರದೆ ಏನು. "ಅವತ್ತು ಹಿಡಿಕೆ ಹಿಡಿದೆ, ಬೀರು ಬಾಗಿಲು ಸರಿಯಾಗಿ ಹಾಕಿರಲಿಲ್ಲ ಅಂತ ಕಾಣುತ್ತೆ, ಬಾಗಿಲ ಜೊತೇಲಿ ನಾನೂ ಹೋದೆ."

"ಕರೀಬಾರದಿತ್ತಾ ಅತ್ತೆ?" ಎಂದ ಅವನು. "ಬಿದ್ದ ಮೇಲಾದ್ರೂ ಒಂದು ಸಲ ಕೂಗಬಾರದಿತ್ತಾ?"

"ಕೂಗೋಣ ಅಂದ್ಕೊಂಡೆ. ಬಟ್ಟೆ ಒದ್ದೆ ಆಗಿತ್ತು." ಅವಳು ಕಿಟಕಿಯ ಕಡೆ ನೋಡಿದಳು. "ಮತ್ತೆ ನಿಮ್ಮ ಗೊರಕೆ ಕೇಳ್ತಿತ್ತು. ರಾತ್ರಿಯೆಲ್ಲ ದೀಪ ಉರೀತಿತ್ತು, ನೋಡಿದ್ದೆ. ಪಾಪ ಈಗಷ್ಟೇ ಕಣ್ಣು ಹತ್ತಿದೆ, ಏಳಲಿ ತಾವಾಗೇ ಅಂತ ಸುಮ್ಮನಿದ್ದೆ."

ನಲವತ್ತು ನಿಮಿಷ. ಅವನು ಮೇಜಿನ ಮೇಲೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದಾಗ ಈ ಗೋಡೆಯ ಈಚೆ ಮುರಿದ ಕೈ ಎದೆಗೊತ್ತಿಕೊಂಡು ಒಬ್ಬಳು ಆ ಗೊರಕೆ ಕೇಳುತ್ತ, ಅದು ಕೆಡಬಾರದೆಂದು ನರಳದೆ ಮಲಗಿದ್ದಳು. ಅವನು ಎದ್ದು ನಿಂತ, ಮತ್ತೆ ಕೂತ. ಕೋಣೆ ಒಮ್ಮೆಲೇ ಇಕ್ಕಟ್ಟಾಯಿತು. ಬೀರು, ವಾಕರ್, ಕೆನೆಗಟ್ಟಿದ ಕಾಫಿ, ಎಲ್ಲವೂ ತೀರ ಹತ್ತಿರ ಬಂದವು. ಅವಳು ಮೂಗು ಒರೆಸಿಕೊಂಡು ಮುಂದುವರಿಸಿದಳು. "ಅವಳು ಫೋನ್ ಮಾಡ್ದಾಗ ನಾನೇ ಹೇಳ್ತೀನಿ, ಕೊಡಿ. ಕಳ್ಳತನ ಮಾಡಿದ್ದು ನಾನು, ಕಳಿಸಿದ್ರೆ ಕಳಿಸಲಿ. ಮೂವತ್ತನಾಲ್ಕು ವರ್ಷ ವಾರ್ಡಲ್ಲಿ ಕಳೆದವಳು, ವಾರ್ಡಲ್ಲೇ ಮುಗಿಸ್ತೀನಿ. ನೀವು ಯಾಕೆ ಅನ್ನಿಸ್ಕೋಬೇಕು?" ಕೊನೆಗಾಲದಲ್ಲಿ ಸೇರಬಾರದೆಂದು ಅವಳು ಹೆದರಿದ್ದ ಜಾಗ ಆ ವಾರ್ಡೊಂದೇ. ಮಗಳ ಕೈ ಹಿಡಿದು ಅಲ್ಲಿ ಮಾತ್ರ ಬಿಡಬೇಡ ಎಂದು ಅತ್ತದ್ದನ್ನು ಅವನು ಬಾಗಿಲ ಮರೆಯಿಂದ ಕೇಳಿದ್ದ.

"ಅದು ಆರಿತ್ತು ಅತ್ತೆ."

"ಏನು?"

"ಸ್ವಿಚ್ಚು. ನಾನು ಹಾಕಿರಲಿಲ್ಲ. ಮರೆತಿದ್ದಲ್ಲ. ನಿದ್ದೆ ಬರ್ತಿತ್ತು, ಮತ್ತೆ ಕೂಗುತ್ತೆ ಅಂತ ಬೇಕಂತಲೇ ಹಾಕಲಿಲ್ಲ. ನೀವು ಯಾವ ಕಡೆಯಿಂದ ಇಳಿದಿದ್ರೂ ಅದು ಕೂಗ್ತಿರಲಿಲ್ಲ. ಅದು ಸತ್ತು ಮಲಗಿತ್ತು."

ಅತ್ತೆ ಅವನನ್ನೇ ನೋಡಿದಳು. ಅರ್ಥವಾಗುವುದು ಮೆಲ್ಲಗೆ ಅವಳ ಮುಖದ ಮೇಲೆ ನಡೆದು ಬಂತು. ಅವನು ಬೈಗುಳಕ್ಕೆ ಕಾದ. ಬೈದರೆ ಎಷ್ಟೋ ವಾಸಿ ಎಂದು ಕಾದ.

"ಹಾಗಾದ್ರೆ," ಎಂದಳು, "ಈ ಕಡೆಯಿಂದಲೇ ಇಳೀಬಹುದಿತ್ತು. ವಾಕರ್ ಹಿಡ್ಕೊಂಡು."

"ಹೌದು."

"ಅಯ್ಯೋ." ಅವಳಿಗೆ ನಗು ಬಂತೋ ಅಳು ಬಂತೋ, ಪಟ್ಟಿ ಕಟ್ಟಿದ ಕೈ ಅಲುಗಾಡಿತು. "ಅಯ್ಯೋ ನಿಮ್ಮ! 'ಅತ್ತೆ, ಸ್ವಲ್ಪ ಮಲಗ್ತೀನಿ, ಅದನ್ನ ಆರಿಸಿದೀನಿ' ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ರೋಗ? ಆರಾಮಾಗಿ ಹೋಗಿ ಬಂದು ಮಲಗ್ತಿದ್ದೆ. ಇಬ್ಬರೂ ಸೇರಿ ಎಂಥಾ ಕೆಲಸ ಮಾಡಿದ್ವಿ!" ಆಮೇಲೆ ನಿಜವಾಗಿ ಅತ್ತಳು. ಅವನು ಟವೆಲ್ಲು ಕೊಟ್ಟ. ಕಣ್ಣೊರೆಸಿಕೊಂಡು ದಾದಿಯ ಧ್ವನಿಯಲ್ಲಿ ಹೇಳಿದಳು: "ಅವಳಿಗೆ ಹೇಳ್ಬೇಡಿ. ಬಾಯಿ ಬಿಟ್ರೆ ಬಣ್ಣಗೇಡು. ಬ್ಯಾಟರಿ ಅಂತ ಕಾಗದ ಇದೆಯಲ್ಲ, ಸಾಕು. ಅವಳ ಕೋಪ ನಿಮಗೆ ಗೊತ್ತಲ್ಲ, ಒಂದು ಸಲ ಮನಸ್ಸು ಮುರಿದ್ರೆ ಹೊಲಿಗೆ ಕೂರಲ್ಲ."

ಅಷ್ಟರಲ್ಲಿ ಫೋನು ಬಂತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಅವಳಿಗೂ ತಡೆಯಲಾಗಿರಲಿಲ್ಲ. ಅವನು ಹಜಾರಕ್ಕೆ ಹೋಗಿ ಎತ್ತಿಕೊಂಡ. ಒಳಗಿಂದ ಅತ್ತೆ ಕೆಮ್ಮಿದಳು, ಎಚ್ಚರಿಕೆಯ ಕೆಮ್ಮು. ಮೇಜಿನ ಮೇಲೆ ಕಂಪನಿಯಾತನ ಹಾಳೆ, ಸಹಿ, ಮೊಹರು. ಕಾಗದವೂ ಸುಳ್ಳಿನ ಕಡೆ, ಅತ್ತೆಯೂ ಸುಳ್ಳಿನ ಕಡೆ. ನಿಜದ ಕಡೆ ಇವನೊಬ್ಬನೇ, ಅದೂ ಒಲ್ಲದ ಮನಸ್ಸಿನಿಂದ. ಹೇಳಲೇಬೇಕೆಂದು ಯಾವ ದೊಡ್ಡ ಧರ್ಮವೂ ಅವನೊಳಗೆ ಎದ್ದು ನಿಲ್ಲಲಿಲ್ಲ. ದಣಿವು, ಅಷ್ಟೇ. ಸುಳ್ಳಿಗೂ ಒಬ್ಬ ಕಾವಲುಗಾರ ಬೇಕು. ಹಗಲೂ ರಾತ್ರಿ ಅದು ಎದ್ದೀತು, ಬಿದ್ದೀತು ಎಂದು ಕಿವಿಗೊಟ್ಟು ಕೂತಿರಬೇಕು. ಇನ್ನೊಂದು ಕಾವಲು ಅವನಿಂದಾಗದು.

"ಏನಂದ್ರು ರೀ?" ಹಿಂದೆ ಆಫೀಸಿನ ಗದ್ದಲ, ಯಾರದೋ ನಗು.

"ಮಿಷನ್ ಕೆಟ್ಟಿರಲಿಲ್ಲ. ನಾನು ಆರಿಸಿ ನಿದ್ದೆ ಮಾಡಿದೆ. ಬೇಕಂತಲೇ. ನಲವತ್ತು ನಿಮಿಷ ಅವರು ನೆಲದ ಮೇಲೆ ಬಿದ್ದಿದ್ರು. ಡಾಕ್ಟ್ರ ಹತ್ರಾನೂ ಸುಳ್ಳು ಹೇಳ್ದೆ." ಉಸಿರು ತೆಗೆದುಕೊಂಡ. "ಬ್ಯಾಟರಿ ಸಡಿಲ ಅಂತ ಬರೆಸಿದೀನಿ ಇವತ್ತು. ಅದೂ ಸುಳ್ಳು. ಅವರನ್ನ ಕಳಿಸಬೇಡ. ಅವರಿಂದ ಆಗಿದ್ದಲ್ಲ."

ಆ ಕಡೆಯ ನಗು ನಿಂತಿತು, ಅಥವಾ ಅವಳು ಗದ್ದಲದಿಂದ ದೂರ ನಡೆದಳು. ಬಾಗಿಲೊಂದು ಮುಚ್ಚಿದ ಸದ್ದು. "ಹನ್ನೊಂದು ದಿನ," ಎಂದಳು. "ಹನ್ನೊಂದು ದಿನ ನಾನು ಆ ಡಬ್ಬಿಗೆ ಬೈದೆ. ನೀವು ಪಕ್ಕದಲ್ಲಿ ಕೂತು ಹೂಂ ಅಂದ್ರಿ." ಅವನು ಕಂಪನಿಯಾತನ ಹಾಳೆಯನ್ನು ಮಗುಚಿಟ್ಟ. "ಅಮ್ಮನ್ನ ಎಲ್ಲಿಗೂ ಕಳಿಸಲ್ಲ. ನಿಮ್ಮನ್ನ ಕಳಿಸೋಕೆ ಒಂದು ಜಾಗ ಇದೆಯಾ ಅಂತ ಹುಡುಕ್ತೀನಿ." ಧ್ವನಿಯಲ್ಲಿ ನಗುವಿರಲಿಲ್ಲ. ಫೋನು ಇಟ್ಟಳು. ಸಂಜೆ ಆರು ಗಂಟೆಗೆ ಅವಳು ಬರುತ್ತಾಳೆ, ಆಮೇಲೆ ಏನೋ, ಅವನಿಗೆ ಊಹಿಸಲು ಆಗಲಿಲ್ಲ. ಊಹಿಸುವ ಶಕ್ತಿಯೂ ಇರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

"ಹೇಳೇಬಿಟ್ರಾ?" ಎಂದಳು ಒಳಗಿಂದ ಅತ್ತೆ.

"ಹೇಳ್ದೆ."

"ಏನಂದ್ಲು?"

"ನಿಮ್ಮನ್ನ ಕಳಿಸಲ್ವಂತೆ."

ಮಂಚ ಕಿರುಗುಟ್ಟಿತು, ನಿಂತಿತು. ಆಮೇಲೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಬೆಳಿಗ್ಗೆ ಎಂಟೂವರೆಯಿಂದ ಅಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬರಲು ಹೆಣಗುತ್ತಿತ್ತು. "ಅಳಿಯಂದ್ರೇ," ಎಂದಳು, ಇಷ್ಟು ಸಣ್ಣ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ಆರು ಗಂಟೆವರೆಗೆ ನನ್ನ ಕೈಲಿ ತಡೆಯೋಕಾಗಲ್ಲ. ಕರ್ಕೊಂಡು ಹೋಗ್ತೀರಾ?"

ಅವನು ಹೊಸ್ತಿಲಲ್ಲಿ ನಿಂತು, "ಒಳಗೆ ಬರ್ಲಾ ಅತ್ತೆ?" ಎಂದ. "ಬನ್ನಿ" ಎಂದಳು. ತೋಳು ಹಿಡಿದು ಎಬ್ಬಿಸಿದ. ಅವಳು ಅಷ್ಟು ಹಗುರಾಗಿದ್ದಾಳೆಂದು ಗೊತ್ತಿರಲಿಲ್ಲ. ಭಾರವೆಲ್ಲ ಅವನ ಕೈ ಹಿಡಿದ ಅವಳ ಬೆರಳುಗಳಲ್ಲಿತ್ತು. ಒಂಬತ್ತು ಹೆಜ್ಜೆ. ಇಬ್ಬರೂ ನೆಲ ನೋಡುತ್ತ ನಡೆದರು. ಒಳಗೆ, ಒಂದೇ ಕೈಯಲ್ಲಿ ಅವಳಿಂದ ಆಗದ ಗಂಟನ್ನು ಅವನು ಗೋಡೆ ನೋಡುತ್ತಲೇ ಬಿಚ್ಚಿದ. ಬೆರಳು ಎರಡು ಸಲ ತಪ್ಪಿತು. ಅವಳನ್ನು ಕೂರಿಸಿ, ಬಾಗಿಲಾಚೆ ಬಂದು ಬೆನ್ನು ಮಾಡಿ ನಿಂತ. ಅಭ್ಯಾಸಬಲದಿಂದ ಕಾಲು ಹಜಾರದ ಕಡೆ, ರೇಡಿಯೋದ ಕಡೆ ತಿರುಗಿತು.

"ಹೋಗ್ಬೇಡಿ," ಎಂದಳು ಅತ್ತೆ.

"ಇಲ್ಲೇ ಇದೀನಿ."

ತಣ್ಣನೆಯ ಚೌಕಟ್ಟಿಗೆ ಹಣೆಯೊತ್ತಿದ. ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಒಳಗಿನ ಸದ್ದು ಕೇಳಿಸಿತು, ಎಲ್ಲರ ಮನೆಯ ಸದ್ದು ಅದು.

"ನಿದ್ದೆ ಹೋಗಿಬಿಟ್ಟೀರಿ ಮತ್ತೆ," ಎಂದಳು.

"ಇಲ್ಲ ಅತ್ತೆ," ಎಂದ ಅವನು. "ಎದ್ದಿದೀನಿ."